ಮೈನ್ಸ್ ಹೊಲ ಪಾಲಾದ ಬುಧವಾರ

ನಮ್ಮಪ್ಪನ ಹೆಸರಿನಲ್ಲಿ ಅಂಗೈ ಅಗಲದ ನೆಲವೂ ಇಲ್ಲವೆನ್ನುವುದು ನನಗೆ ತಿಳಿದದ್ದು ನನ್ನ ಇಪ್ಪತ್ತೆರಡನೆಯ ವಯಸ್ಸಿನಲ್ಲಿ. ಅಲ್ಲಿಯವರೆಗೂ ಕ್ಯಾಸಂಬಳ್ಳಿ ಕಡೆಯ ನಮ್ಮ ಊರಿನಲ್ಲಿದ್ದ ಎರಡೂವರೆ ಎಕರೆಯನ್ನು ನಾನು ನಮ್ಮದೆಂದೇ ಅಂದುಕೊಂಡಿದ್ದೆ. ಊರಿನವರು ಅದನ್ನು ‘ಮೈನ್ಸ್ ಹೊಲ’ ಎಂದು ಕರೆಯುತ್ತಿದ್ದರು. ಅಪ್ಪ ಮೈಸೂರು ಮೈನ್ಸ್ ಎಂಬ ಚಿನ್ನದ ಗಣಿಯಲ್ಲಿ ನೆಲದಡಿ ದುಡಿದು ಕಳಿಸಿದ ಹಣದಿಂದ ದೊಡ್ಡಪ್ಪ ಕೊಂಡ ಹೊಲ ಅದು. ಕ್ರಯಪತ್ರವಾದ ದಿನ ಅಪ್ಪ ಗಣಿಯೊಳಗಿದ್ದ. ಮನೆಗೆ ಹಿರಿಯನೆಂದು ದೊಡ್ಡಪ್ಪನ ಹೆಸರಿಗೇ ಬರೆಸಿಕೊಂಡರು. ಆ ಕಾಲಕ್ಕೆ ಅದು ಯಾರಿಗೂ ವಿಚಿತ್ರವೆನಿಸಲಿಲ್ಲ.

ದೊಡ್ಡಪ್ಪ ಅಪ್ಪನಿಗಿಂತ ಹನ್ನೆರಡು ವರ್ಷಕ್ಕೆ ದೊಡ್ಡವನು. ತಾತ ತೀರಿಕೊಂಡಾಗ ಅಪ್ಪನಿಗೆ ಇನ್ನೂ ಹಾಲುಹಲ್ಲು ಬಿದ್ದಿರಲಿಲ್ಲವಂತೆ. ದೊಡ್ಡಪ್ಪನೇ ಹೆಗಲ ಮೇಲೆ ಕೂರಿಸಿಕೊಂಡು ಹೊಲಕ್ಕೆ ಒಯ್ಯುತ್ತಿದ್ದ. ತಾನು ರುಜು ಮಾಡುವುದಷ್ಟನ್ನೇ ಕಲಿತಿದ್ದರೂ ತಮ್ಮನನ್ನು ನಾಲ್ಕನೆಯ ಕ್ಲಾಸಿನವರೆಗೆ ಓದಿಸಿದ. ಹದಿನೆಂಟಕ್ಕೆ ಅಪ್ಪ ಗಣಿ ಸೇರಿದ. ಸುರಂಗದ ಮೇಲ್ಭಾಗ ಕುಸಿಯದ ಹಾಗೆ ಮರದ ದಿಮ್ಮಿಗಳನ್ನು ಆನಿಸಿ ನಿಲ್ಲಿಸುವುದು ಅವನ ಕೆಲಸವಾಗಿತ್ತು.

ನಾನು ಹುಟ್ಟಿ ಬೆಳೆದದ್ದು ಮಾರಿಕುಪ್ಪಂ ಸ್ಟೇಷನ್ನಿಗೆ ಹತ್ತಿರ, ಗಣಿಯವರು ಕೆಲಸಗಾರರಿಗೆ ಸಾಲಾಗಿ ಕಟ್ಟಿಸಿದ ಲೈನು ಮನೆಯಲ್ಲಿ. ಒಂದೇ ಕೋಣೆ, ಮುಂದೆ ತಟ್ಟಿ ಕಟ್ಟಿದ ಜಗುಲಿ. ಎಡಗಡೆ ಮನೆಯವರು ತಮಿಳಿನಲ್ಲಿ ಜಗಳವಾಡಿದರೆ ಬಲಗಡೆಯವರು ತೆಲುಗಿನಲ್ಲಿ ಸಮಾಧಾನ ಹೇಳುತ್ತಿದ್ದರು. ನಮ್ಮಮ್ಮ ಎರಡಕ್ಕೂ ಕನ್ನಡ ಸೇರಿಸಿ ನಡುವೆ ಬಾಯಿ ಹಾಕುತ್ತಿದ್ದಳು. ನೆಲದೊಳಗೆಲ್ಲೋ ಬಂಡೆ ಸಿಡಿದಾಗ ಗೂಡಿನಲ್ಲಿಟ್ಟ ಲೋಟಗಳು ಗಲಗಲ ಎನ್ನುತ್ತಿದ್ದವು. ಅದು ಅಪ್ಪನ ಪಾಳಿಯ ಹೊತ್ತಾಗಿದ್ದರೆ ಅಮ್ಮ ಹಿಡಿದ ಕೆಲಸ ಬಿಟ್ಟು, ಅವನು ರಸ್ತೆಯಲ್ಲಿ ಕಾಣುವವರೆಗೆ ಬಾಗಿಲಲ್ಲೇ ನಿಂತಿರುತ್ತಿದ್ದಳು. ನನಗಿಂತ ಮೊದಲು ಹುಟ್ಟಿದ ಎರಡು ಗಂಡುಮಕ್ಕಳು ಉಳಿಯಲಿಲ್ಲ. ಹಾಗಾಗಿ ನಾನೊಬ್ಬಳೇ. ನನ್ನನ್ನು ಓದಿಸಿದರು. ಕೋಲಾರದಲ್ಲಿ ಟೀಚರ್ ಟ್ರೈನಿಂಗ್ ಮುಗಿಸಿ ಬಂದು, ಮನೆಯಿಂದ ನಡೆದು ಹೋಗುವಷ್ಟು ದೂರದ ಪ್ರೈಮರಿ ಶಾಲೆಯಲ್ಲಿ ಕೆಲಸಕ್ಕೆ ಸೇರಿದ್ದೆ.

ಪ್ರತಿ ಸುಗ್ಗಿ ಮುಗಿದ ಮೇಲೆ ಊರಿನಿಂದ ರಾಗಿ, ಹುರುಳಿ, ಚಳಿಗಾಲದಲ್ಲಿ ಅವರೆಕಾಯಿ ಬರುತ್ತಿತ್ತು. ಇಷ್ಟು ನಿಮ್ಮದು, ಇಷ್ಟು ನಮ್ಮದು ಎಂಬ ಮಾತು ಆ ಮನೆಯಲ್ಲಿ ನಾನು ಕೇಳಿರಲಿಲ್ಲ. ದೊಡ್ಡಪ್ಪನ ಮಗ, ನನಗಿಂತ ಆರು ವರ್ಷ ದೊಡ್ಡವನು, ಮೂಟೆ ಹೊತ್ತುಕೊಂಡು ಬರುತ್ತಿದ್ದ. ನಾನು ಅವನನ್ನು ಅಣ್ಣ ಎನ್ನುತ್ತಿದ್ದೆ. ಒಡಹುಟ್ಟಿದವರಿಲ್ಲದ ನನಗೆ ಇದ್ದ ಅಣ್ಣ ಅವನೊಬ್ಬನೇ.

ಮೈನ್ಸ್ ಹೊಲಕ್ಕೆ ಮೊದಲು ನೀರಿರಲಿಲ್ಲ. ಮಳೆ ಬಂದರೆ ರಾಗಿ, ಇಲ್ಲದಿದ್ದರೆ ಇಲ್ಲ. ಅಲ್ಲಿ ಬಾವಿ ತೋಡಿದವನು ಅಣ್ಣ. ಎರಡು ಬೇಸಗೆ, ಇಬ್ಬರು ಆಳುಗಳ ಜೊತೆ ತಾನೂ ಇಳಿದು, ಹಾರೆ ಸುತ್ತಿಗೆ ಹಿಡಿದು ಬಂಡೆ ಒಡೆದ. ಎರಡನೆಯ ಬೇಸಗೆಯಲ್ಲಿ ಒಂದು ಕಲ್ಲು ಉರುಳಿ ಅವನ ಎಡಗಾಲಿನ ಮೂರು ಬೆರಳು ಜಜ್ಜಿಹೋದವು. ಆಮೇಲೆ ಅವನು ಸ್ವಲ್ಪ ಕುಂಟುತ್ತಲೇ ನಡೆದ. ಆದರೆ ನೀರು ಬಂತು. ಪಕ್ಕದಲ್ಲೇ ಇದ್ದ ತಾತನ ಕಾಲದ ಹೊಲಕ್ಕೂ ಅದೇ ನೀರು ಹಾಯಿಸಿ ಅಣ್ಣ ಬದನೆ, ಈರುಳ್ಳಿ, ಮೂಲಂಗಿ ಬೆಳೆಯತೊಡಗಿದ. ಎತ್ತು ಹೂಡಿ ತೊಗಲಿನ ಚೀಲದಲ್ಲಿ ನೀರೆತ್ತುವ ಕಪಿಲೆ ಕಟ್ಟಿಸಿದ. ಅದರ ಕೀರಲು ಸದ್ದು ಊರ ಬಾಗಿಲಿಗೇ ಕೇಳಿಸುತ್ತಿತ್ತು.

ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ಅಪ್ಪನಿಗೆ ಕೆಮ್ಮು ಹೆಚ್ಚಾಗಿ, ನಾಲ್ಕು ಹೆಜ್ಜೆ ನಡೆದರೆ ನಿಂತು ಉಸಿರು ತೆಗೆದುಕೊಳ್ಳುವ ಹಾಗಾಯಿತು. ಎದೆಯಲ್ಲಿ ಕಲ್ಲಿನ ದೂಳು ಕೂತಿದೆ, ಇನ್ನು ಕೆಳಗಿಳಿಯುವ ಹಾಗಿಲ್ಲ ಎಂದು ಆಸ್ಪತ್ರೆಯಲ್ಲಿ ಹೇಳಿದರು. ಕೆಲಸ ಬಿಟ್ಟವರು ಲೈನು ಮನೆಯನ್ನೂ ಬಿಡಬೇಕು. ಮೂರು ತಿಂಗಳ ಗಡುವು ಸಿಕ್ಕಿತು. ಊರಿಗೆ ಹೋದರಾಯಿತು ಎಂದು ನಾನು ಸಹಜವಾಗಿ ಅಂದೆ. ಅಮ್ಮ ನನ್ನ ಮುಖ ನೋಡಿದಳು. ಹೊಲದ ಕಾಗದ ಯಾರ ಹೆಸರಿನಲ್ಲಿದೆ ಎಂದು ಅವಳು ಹೇಳಿದ್ದು ಆಗಲೇ.

ಅಮ್ಮನ ಭಯ ಹೊಸದಾಗಿರಲಿಲ್ಲ. ಕೆಲವು ವರ್ಷದ ಹಿಂದೆ ಊರಿನ ಮದುವೆಯೊಂದರಲ್ಲಿ ನೆಂಟರೊಬ್ಬರು ಆಡಿದ ಮಾತು ಅವಳ ಕಿವಿಗೆ ಬಿದ್ದಿತ್ತು. ಗಣಿಯವನಿಗೆ ಗಂಡುಮಗನಿಲ್ಲ, ಇರುವುದೊಂದು ಹೆಣ್ಣು, ಅವನ ಪಾಲು ಕೊಟ್ಟರೆ ಅದು ನಾಳೆ ಅಳಿಯನ ಊರಿನವರಿಗೆ ಸೇರುತ್ತದೆ, ಕೊಡದಿದ್ದರೇ ಒಳ್ಳೆಯದು ಎಂದು ಅವರು ಅಣ್ಣನಿಗೆ ಹೇಳುತ್ತಿದ್ದರಂತೆ. ಅಣ್ಣ ಏನಂದ ಎಂದು ಕೇಳಿದೆ. ಏನೂ ಅನ್ನಲಿಲ್ಲ, ಸುಮ್ಮನಿದ್ದ ಎಂದಳು. ಆ ಸುಮ್ಮನಿದ್ದದ್ದೇ ಅಮ್ಮನನ್ನು ಇಷ್ಟು ವರ್ಷ ಕೊರೆಯುತ್ತಿತ್ತು.

ಅಪ್ಪನನ್ನು ಕೇಳಿದರೆ ಅವನು ಮಾತು ಮುಂದುವರಿಸಲು ಬಿಡುತ್ತಿರಲಿಲ್ಲ. ದೊಡ್ಡಪ್ಪನ ಹತ್ತಿರ ಪಾಲು ಕೇಳುವುದೆಂದರೆ ಅವನಿಗೆ ಸಾಕಿದ ಕೈಯನ್ನು ದೂರ ತಳ್ಳಿದ ಹಾಗೆ. ಅಮ್ಮ ಜೋರು ಮಾಡಲಿಲ್ಲ. ಒಲೆಯ ಮುಂದೆ ಕೂತು, ಬೆನ್ನು ಹಾಕಿಕೊಂಡೇ ಒಂದು ಮಾತು ಹೇಳಿದಳು:

“ನಿಮ್ಮಣ್ಣ ದೇವರಂತೋರೇ, ಇಲ್ಲ ಅನ್ನಲ್ಲ. ಅವರ ಕಾಲ ಆದ್ಮೇಲೆ ನಾವ್ ಯಾರ್ನ ಕೇಳೋದು? ನಿಮ್ ಕಾಲ ಆದ್ಮೇಲೆ ಇವಳು ಯಾರ್ನ ಕೇಳೋದು?”

ಅಪ್ಪ ಎದ್ದ. ಟವೆಲು ಹೆಗಲಿಗೆ ಹಾಕಿಕೊಂಡು ಹೊರಗೆ ಹೋಗಿ ತಟ್ಟಿಗೆ ಒರಗಿ ಕೂತ.

ಇದರ ನಡುವೆಯೇ ಊರಿನಿಂದ ಇನ್ನೊಂದು ಸುದ್ದಿ ಬಂತು. ದೊಡ್ಡಪ್ಪನಿಗೆ ಲಕ್ವ ಹೊಡೆದು ಬಲಗೈ ಸ್ವಾಧೀನ ತಪ್ಪಿತ್ತು. ಮೂರು ದಿನ ಮಾತೂ ನಿಂತಿತ್ತಂತೆ. ಅಪ್ಪ ಅಮ್ಮ ಹೋಗಿ ನೋಡಿಕೊಂಡು ಬಂದರು. ಆಗ ಮಾತು ತೊದಲುತ್ತಾ ಮರಳಿ ಬಂದಿತ್ತು. ಆದರೆ ಮನೆ ತುಂಬ ಜನ. ಹೊಲದ ವಿಷಯ ಯಾರೂ ಎತ್ತಲಿಲ್ಲ.

ಹದಿನೈದು ದಿನ ಕಳೆದು ಒಂದು ಭಾನುವಾರ ಬೆಳಿಗ್ಗೆ ಅಣ್ಣ ನಮ್ಮ ಮನೆಗೆ ಬಂದ. ಹೆಗಲ ಮೇಲೆ ಮೂಟೆ ಇರಲಿಲ್ಲ. ಒಳಗೆ ಬಾ ಎಂದರೂ ಜಗುಲಿಯಲ್ಲೇ ಕೂತ. ನಾನು ಕಾಫಿ ತಂದುಕೊಟ್ಟೆ. ಅರ್ಧ ಕುಡಿದು ಲೋಟ ಕೆಳಗಿಟ್ಟ. ನನ್ನ ಶಾಲೆಯ ವಿಷಯ ಕೇಳಲಿಲ್ಲ, ಅಪ್ಪನ ಮುಖವನ್ನೂ ನೋಡಲಿಲ್ಲ.

“ಬರೋ ಬುಧವಾರ ಬಂಗಾರಪೇಟೆ ರಿಜಿಸ್ಟ್ರಾರ್ ಆಫೀಸ್ ತಾವ ಬರ್ಬೇಕಂತೆ ಚಿಕ್ಕಪ್ಪ. ಅಪ್ಪ ಏಳವ್ನೆ. ಒಂದು ಪತ್ರಕ್ಕೆ ನೀನು ರುಜು ಆಕ್ಬೇಕಂತೆ.”

ಯಾವ ಪತ್ರ ಎಂದು ಅಮ್ಮ ಬಾಗಿಲ ಹಿಂದಿನಿಂದ ಕೇಳಿದಳು. ಬುಧವಾರ ಗೊತ್ತಾಗುತ್ತದೆ ಎಂದಷ್ಟೇ ಹೇಳಿ ಅವನು ಎದ್ದುಹೋದ. ಕುಂಟುತ್ತಾ ಸ್ಟೇಷನ್ ಕಡೆಗೆ ಹೋಗುವುದನ್ನು ನಾವು ಮೂವರೂ ನೋಡಿದೆವು.

ಹಕ್ಕು ಬಿಟ್ಟುಕೊಡುವ ಪತ್ರವೇ ಅದು ಎಂದು ಅಮ್ಮ ನಿರ್ಧರಿಸಿಬಿಟ್ಟಳು. ದೊಡ್ಡಪ್ಪನ ಕಾಯಿಲೆ ನೋಡಿ ಮಗ ಅವಸರ ಮಾಡಿದ್ದಾನೆ, ಗಣಿಯವರಿಗೆ ಇನ್ನು ಏನೂ ಇಲ್ಲ ಎಂದು ಬರೆಸುತ್ತಿದ್ದಾನೆ ಎನ್ನುವುದು ಅವಳ ಲೆಕ್ಕ. ನನಗೂ ಬೇರೆ ತೋಚಲಿಲ್ಲ. ಅಪ್ಪ ಮಾತ್ರ, ತನ್ನಣ್ಣ ಎಲ್ಲಿ ರುಜು ಮಾಡು ಎಂದರೆ ಅಲ್ಲಿ ಮಾಡುತ್ತೇನೆ ಎಂದ. ಮಗಳು ಮೊದಲು ಓದಲಿ ಎಂದು ಅಮ್ಮ ಹಟ ಹಿಡಿದಳು. ಹಾಗೆ ಓದಿಸಿದರೆ ತನ್ನಣ್ಣನಿಗೆ ಎಲ್ಲರೆದುರು ಅವಮಾನ ಮಾಡಿದಂತೆ ಎಂದು ಅಪ್ಪ ಗದರಿದ. ಗದರಿದ್ದಕ್ಕೆ ಕೆಮ್ಮು ಬಂದು, ನಾನು ಅವನ ಬೆನ್ನು ನೀವುತ್ತಾ ಕೂತೆ. ಅಮ್ಮ ಅವತ್ತು ಊಟ ಮಾಡಲಿಲ್ಲ.

ಸೋಮವಾರ ಶಾಲೆಯಲ್ಲಿ ನಮ್ಮ ಹೆಡ್‌ಮಾಸ್ಟರ ಹತ್ತಿರ ಹೋದೆ. ವಯಸ್ಸಾದವರು, ತಮ್ಮ ಮನೆಯ ಪಾಲಿನ ಜಗಳದಲ್ಲಿ ಹತ್ತು ವರ್ಷ ಕೋರ್ಟು ಅಲೆದವರು. ಅವರು ನನ್ನನ್ನು ಕೂರಿಸಿ, ಮಗ್ಗಿ ಕಲಿಸುವ ಹಾಗೆ ನಿಧಾನವಾಗಿ ಬಿಡಿಸಿ ಹೇಳಿದರು. ಪಾಲಾಗದೆ ಕಾಗದ ದೊಡ್ಡಪ್ಪನ ಹೆಸರಿನಲ್ಲೇ ಉಳಿದರೆ, ನಾಳೆ ಅವರ ಮಕ್ಕಳು ಇದು ನಮ್ಮಪ್ಪನದು ಎಂದಾಗ ತೋರಿಸಲು ನಮ್ಮ ಕೈಯಲ್ಲಿ ಏನೂ ಇರುವುದಿಲ್ಲ. ಹಕ್ಕು ಬಿಟ್ಟು ರುಜು ಮಾಡಿದರಂತೂ ಕತೆ ಅಲ್ಲಿಗೇ ಮುಗಿಯಿತು. ಪಾಲಾಗಿ ಅಪ್ಪನ ಹೆಸರಿಗೆ ಬಂದರೆ ಅಪ್ಪನ ನಂತರ ಅದು ಅಮ್ಮನಿಗೂ ನನಗೂ ಬರುತ್ತದೆ. ಹೆಣ್ಣುಮಕ್ಕಳಿಗೂ ಹಕ್ಕು ಕೊಡುವ ಕಾನೂನು ಬಂದು ಕೆಲವು ವರ್ಷವಾಗಿದೆ ಎಂದೂ ಹೇಳಿದರು. ನಾನು ಎದ್ದು ಹೊರಟಾಗ, ರುಜು ಮಾಡುವ ಮುಂಚೆ ಓದುವುದು ಯಾರಿಗೂ ಅವಮಾನವಲ್ಲಮ್ಮ ಎಂದರು. ಆ ಮಾತನ್ನು ಅಪ್ಪನಿಗೆ ಹೇಳುವ ಧೈರ್ಯ ನನಗೆ ಬರಲಿಲ್ಲ.

ಬುಧವಾರ ಬೆಳಗಿನ ರೈಲಿಗೆ ಮಾರಿಕುಪ್ಪಂನಲ್ಲಿ ಹತ್ತಿದೆವು. ಅಮ್ಮ ಡಬ್ಬಿಯಲ್ಲಿ ಮೊಸರನ್ನ, ಉಪ್ಪಿನಕಾಯಿ ಕಟ್ಟಿಕೊಂಡಿದ್ದಳು. ಅಪ್ಪ ಮದುವೆಮನೆಗೆ ಹಾಕುವ ಬಿಳಿ ಅಂಗಿ ಹಾಕಿದ್ದ. ಚಿನ್ನ ತೆಗೆದುಳಿದ ಮಣ್ಣಿನ ಸೈನೈಡ್ ದಿಬ್ಬಗಳು ಹಿಂದೆ ಸರಿಯುವವರೆಗೆ ಅವನು ಕಿಟಕಿಯಿಂದ ಕಣ್ಣು ತೆಗೆಯಲಿಲ್ಲ. ನಾನು ಮನಸ್ಸಿನಲ್ಲೇ ಏನು ಹೇಳಬೇಕೆಂದು ಜೋಡಿಸಿಕೊಳ್ಳುತ್ತಿದ್ದೆ. ದೊಡ್ಡಪ್ಪಾ, ಒಂದು ಸಲ ನಾನು ನೋಡಲೇ ಎನ್ನುವುದೋ, ಕೇಳದೆಯೇ ಕಾಗದ ಕೈಗೆತ್ತಿಕೊಳ್ಳುವುದೋ. ಎರಡೂ ಕೆಟ್ಟದಾಗಿಯೇ ಕಂಡವು. ಬಂಗಾರಪೇಟೆ ಸ್ಟೇಷನ್ನಿನಲ್ಲಿ ಇಳಿದು, ಅಪ್ಪನಿಗಾಗಿ ಮೂರು ಕಡೆ ನಿಂತು, ಕಚೇರಿಯ ಹತ್ತಿರ ಹೋಗುವ ಹೊತ್ತಿಗೆ ಬಿಸಿಲು ಏರಿತ್ತು.

ಕಚೇರಿಯ ಎದುರಿಗೆ ಹೆಂಚಿನ ಅಂಗಡಿಯ ಜಗುಲಿಯ ಮೇಲೆ ಪತ್ರ ಬರೆಯುವವರು ಇಳಿಜಾರು ಡೆಸ್ಕುಗಳನ್ನು ಮುಂದಿಟ್ಟುಕೊಂಡು ಕೂತಿದ್ದರು. ಅವರಲ್ಲಿ ಒಬ್ಬರ ಮುಂದೆ ದೊಡ್ಡಪ್ಪ ಚಾಪೆಯ ಮೇಲೆ ಗೋಡೆಗೊರಗಿ ಕೂತಿದ್ದ. ಬಲಗೈ ಮಡಿಲಲ್ಲಿ ಬೇರೆ ಯಾರದೋ ಕೈಯ ಹಾಗೆ ಬಿದ್ದಿತ್ತು. ಅಣ್ಣ ಪಕ್ಕದ ಕಂಬ ಹಿಡಿದು ನಿಂತಿದ್ದ. ಪತ್ರ ಆಗಲೇ ಸ್ಟಾಂಪ್ ಕಾಗದದ ಮೇಲೆ ಬರೆದು ಸಿದ್ಧವಾಗಿತ್ತು. ಅಪ್ಪ ದೊಡ್ಡಪ್ಪನ ಕಾಲು ಮುಟ್ಟಿ ಕೂತ. ಪತ್ರ ಬರೆಯುವವರು ಕನ್ನಡಕ ಏರಿಸಿ, ಕಾಗದ ಎತ್ತಿಕೊಂಡು ರಾಗವಾಗಿ ಓದಲು ಶುರು ಮಾಡಿದರು. ದೊಡ್ಡಪ್ಪ ಎಡಗೈ ಎತ್ತಿ ತಡೆದ.

“ನೀವ್ ಓದ್ಬೇಡಿ ಸ್ವಾಮಿ. ನಮ್ ಮಗಳು ಟೀಚರು. ಅವಳು ಓದ್ಲಿ. ನಮ್ಮ ತಮ್ಮನ ಎಂಡ್ತಿ ಕೇಳುಸ್ಕಬೇಕು, ಅಂಗೆ ಗಟ್ಟಿಯಾಗಿ ಓದ್ಲಿ.”

ರೈಲಿನಲ್ಲಿ ಜೋಡಿಸಿಕೊಂಡ ಮಾತೆಲ್ಲ ನನ್ನ ಬಾಯಲ್ಲೇ ಉಳಿಯಿತು. ಕಾಗದ ಕೈಗೆ ಬಂತು. ನಾನು ಓದಿದೆ.

ಮೊದಲ ಪುಟ ಊರು, ಹೋಬಳಿ, ತಾಲ್ಲೂಕು, ಇಬ್ಬರೂ ಅಣ್ಣತಮ್ಮಂದಿರ ಹೆಸರು, ಹೊಲಗಳ ನಾಲ್ಕು ದಿಕ್ಕಿನ ಎಲ್ಲೆ. ಎರಡನೆಯ ಪುಟದಲ್ಲಿ ದೊಡ್ಡಪ್ಪನ ಮಾತು ಶುರುವಾಯಿತು. ಮೈನ್ಸ್ ಹೊಲವೆಂದು ಕರೆಯುವ ಜಮೀನನ್ನು ತನ್ನ ಹೆಸರಿಗೆ ಕೊಂಡಿದ್ದರೂ ಅದು ತಮ್ಮನ ಸ್ವಂತ ದುಡಿಮೆಯಿಂದ ಆದದ್ದು. ಆದ್ದರಿಂದ ಆ ಜಮೀನು ಪೂರ್ತಿಯಾಗಿ, ಅದರೊಳಗಿನ ಬಾವಿ ಕಪಿಲೆ ಸಹಿತ, ತಮ್ಮನ ಪಾಲಿಗೆ ಸೇರತಕ್ಕದ್ದು. ಊರಿನ ಮನೆಯಲ್ಲಿ ಪೂರ್ವದ ಅರ್ಧವೂ ಅವನದು. ತಾತನ ಕಾಲದ ಹೊಲ ಮಾತ್ರ ತನ್ನದು. ಇದರಲ್ಲಿ ತನಗಾಗಲಿ ತನ್ನ ಮಕ್ಕಳಿಗಾಗಲಿ ಮುಂದೆ ಯಾವ ತಕರಾರೂ ಇರುವುದಿಲ್ಲ ಎಂದು ಬರೆದಿತ್ತು.

ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅಷ್ಟು ದಿನ ಬಿಗಿಯಾಗಿದ್ದ ಅವಳ ಭುಜಗಳು ಇಳಿದದ್ದು ನನಗೆ ಕಂಡಿತು. ನನಗೂ ಎದೆಯಿಂದ ಕಲ್ಲು ಎತ್ತಿಟ್ಟ ಹಾಗಾಗಿತ್ತು. ಅದೇ ಹೊತ್ತಿಗೆ ಅಣ್ಣ ಕಂಬ ಬಿಟ್ಟು ಜಗುಲಿಯಿಂದಿಳಿದು ರಸ್ತೆಯ ಆಚೆ ಹೋಗಿ, ಒಂದು ಹುಣಸೆಮರದ ಕೆಳಗೆ ನಮಗೆ ಬೆನ್ನು ಹಾಕಿ ನಿಂತ.

ದೊಡ್ಡಪ್ಪ ಅದನ್ನು ನೋಡಿದರೂ ನೋಡದವನ ಹಾಗೆ, ತೊದಲುವ ನಾಲಗೆಯಿಂದ ಒಂದೊಂದೇ ಮಾತು ಹೆಕ್ಕಿ ಹೇಳಿದ. ಮಾತು ನಿಂತುಹೋದ ಆ ಮೂರು ದಿನ ಅವನಿಗೆ ಸಾವಿನ ಹೆದರಿಕೆ ಇರಲಿಲ್ಲವಂತೆ. ಹೊಲ ತಮ್ಮನದು ಎನ್ನುವುದು ತನ್ನ ನಾಲಗೆಯ ಮೇಲೆ ಮಾತ್ರ ಇತ್ತು, ಆ ನಾಲಗೆಯೇ ಏಳುತ್ತಿಲ್ಲವಲ್ಲ ಎನ್ನುವುದೊಂದೇ ಸಂಕಟ. ಮಾತು ಮರಳಿದ ದಿನವೇ ಮಗನನ್ನು ಕರೆದು ಪತ್ರದ ವಿಷಯ ಹೇಳಿದನಂತೆ. ಮಗ ಬೇಡ ಎನ್ನಲಿಲ್ಲ, ಸರಿ ಎಂದೂ ಅನ್ನಲಿಲ್ಲ. ಆದರೆ ಪತ್ರ ಗಟ್ಟಿಯಾಗಬೇಕಾದರೆ ವಯಸ್ಸಿಗೆ ಬಂದ ಮಗನ ರುಜುವೂ ಇರಲಿ ಎಂದು ಪತ್ರ ಬರೆಯುವವರು ಹೇಳಿದ್ದರು.

ಅಪ್ಪ ನನ್ನ ಕಡೆಗೆ ತಿರುಗಿದ. ಬಾವಿಯ ಸಾಲನ್ನು ಇನ್ನೊಮ್ಮೆ ಓದು ಎಂದ. ಓದಿದೆ.

“ಅಣ್ಣಾ, ಇದಕ್ಕೆ ನಾನು ರುಜು ಆಕಲ್ಲ.”

ಅಮ್ಮ ತಲೆಯೆತ್ತಿದಳು. ಪತ್ರ ಬರೆಯುವವರು ಲೇಖನಿ ಕೆಳಗಿಟ್ಟರು. ದೊಡ್ಡಪ್ಪ, ಏನು ಕಡಿಮೆಯಾಯಿತು ಎಂದು ಕೇಳಿದ.

“ಕಡ್ಮೆ ಆಗ್ಲಿಲ್ಲ, ಎಚ್ಚಾಯ್ತು. ಬಾವಿ ನಂದಲ್ಲ.”

“ಒಲದಾಗೈತಲ್ಲೋ ಬಾವಿ.”

“ಒಲದಾಗೈತೆ. ತೋಡ್ದೋನು ನಾನಲ್ಲ. ನೆಲದೊಳಗೆ ನಿಂತು ಕಲ್ಲು ಒಡೆಯೋದು ಅಂದ್ರೆ ಏನು ಅಂತ ನಂಗೆ ಗೊತ್ತು ಅಣ್ಣ. ಅವನ ಕಾಲು ನೋಡು. ಅರ್ಧ ಬಾವಿ ಅವನ್ದು ಅಂತ ಬರೆಸು, ಆಕ್ತೀನಿ.”

ಇಷ್ಟು ಹೇಳುವುದರಲ್ಲಿ ಅಪ್ಪನಿಗೆ ಉಸಿರು ಸಾಲದಾಯಿತು. ನಾನು ನೀರು ಕೊಟ್ಟೆ. ದೊಡ್ಡಪ್ಪ ಎಡಗೈಯಿಂದ ಮುಖ ಒರೆಸಿಕೊಂಡ. ನೀರು ಇಬ್ಬರಿಗೂ ಹೇಗೆ ಹಂಚುವುದು ಎಂದು ಪತ್ರ ಬರೆಯುವವರು ಕೇಳಿದರು. ಒಂದು ದಿನ ಅವರಿಗೆ, ಒಂದು ದಿನ ನಮಗೆ, ಬಾವಿ ಕಪಿಲೆಯ ರಿಪೇರಿ ಇಬ್ಬರದು ಎಂದು ಅಪ್ಪನೇ ಹೇಳಿದ. ಬಾವಿಗೆ ಹೋಗುವ ದಾರಿಯನ್ನು ಯಾರೂ ಅಡ್ಡ ಕಟ್ಟಬಾರದು ಎಂದು ನಾನು ಸೇರಿಸಿದೆ. ಹೆಡ್‌ಮಾಸ್ಟರು ತಮ್ಮ ಕೋರ್ಟಿನ ಕತೆಯಲ್ಲಿ ಹೇಳಿದ ದಾರಿಯ ಜಗಳ ನನ್ನ ತಲೆಯಲ್ಲಿತ್ತು. ಪತ್ರ ಬರೆಯುವವರು ನನ್ನನ್ನು ನೋಡಿ, ಸರಿ ಎಂದು ತಲೆಯಾಡಿಸಿದರು.

ರಸ್ತೆ ದಾಟಿ ಅಣ್ಣನನ್ನು ಕರೆತರಲು ಹೋದವಳು ನಾನು. ಹುಣಸೆಮರದ ಕೆಳಗೆ ಅವನು ಕಡ್ಡಿಯೊಂದನ್ನು ಚೂರು ಚೂರು ಮಾಡುತ್ತಿದ್ದ. ಅಪ್ಪ ಹೇಳಿದ್ದನ್ನು ಹೇಳಿದೆ. ಮೊದಲು ಅವನಿಗೆ ನಂಬಿಕೆ ಬರಲಿಲ್ಲ, ಇನ್ನೊಮ್ಮೆ ಹೇಳಿಸಿಕೊಂಡ. ಆಮೇಲೆ ಮರದ ಬೊಡ್ಡೆಗೆ ಒರಗಿ ಕುಕ್ಕರಿಸಿ ಕೂತುಬಿಟ್ಟ. ಹೊಲ ಚಿಕ್ಕಪ್ಪನದು ಎನ್ನುವುದರಲ್ಲಿ ಅವನಿಗೆ ಯಾವತ್ತೂ ಅನುಮಾನವಿರಲಿಲ್ಲವಂತೆ. ಆದರೆ ನೀರು ಹೋದರೆ ತಾತನ ಹೊಲದಲ್ಲಿ ಏನೂ ಆಗದು, ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ತಾನೂ ಗಣಿಗೇ ಬರಬೇಕಾಗುತ್ತದೆ ಎಂದು ಹದಿನೈದು ದಿನದಿಂದ ಅವನಿಗೆ ಅನ್ನ ಇಳಿದಿರಲಿಲ್ಲ. ಕೇಳಿದರೆ, ಕಾಯಿಲೆ ಬಿದ್ದ ಚಿಕ್ಕಪ್ಪನ ಪಾಲಿಗೆ ಕೈ ಹಾಕಿದ ಎನ್ನುತ್ತಾರೆ ಎಂದು ಬಾಯಿ ಬಿಡಲಿಲ್ಲ.

“ನೀವು ಓದ್ದೋರು. ಕಾನೂನು ಕಲ್ತೋರು. ನೀವೇ ಏನೋ ಏಳ್ಕೊಟ್ಟು ಬರೆಸ್ತಾ ಇದ್ದೀರ ಅನ್ಕಂಡೆ ಕಣಮ್ಮ,” ಎಂದ.

ನಾವು ಏನಂದುಕೊಂಡಿದ್ದೆವೆಂದು ನಾನೂ ಹೇಳಿದೆ. ಅವನು ನಕ್ಕ. ಆ ಮದುವೆಮನೆಯಲ್ಲಿ ಸುಮ್ಮನಿದ್ದದ್ದು ಏಕೆ ಎಂದು ಕೇಳಿದೆ. ಹಿರಿಯರಿಗೆ ಎದುರಾಡಬಾರದೆಂದು ಸುಮ್ಮನಿದ್ದೆ, ಅಷ್ಟೆ ಎಂದ. ಆ ಮಾತು ಅವನಿಗೆ ಸರಿಯಾಗಿ ನೆನಪೂ ಇರಲಿಲ್ಲ.

ಪತ್ರವನ್ನು ಮೊದಲಿನಿಂದ ಮತ್ತೆ ಬರೆಯಬೇಕಾಯಿತು. ಅಣ್ಣ ಹೊಸ ಸ್ಟಾಂಪ್ ಕಾಗದ ತರಲು ಓಡಿದ. ಮಧ್ಯಾಹ್ನದ ಮೇಲೆ ತಡವಾದರೆ ಅವತ್ತು ನೋಂದಣಿಯಾಗುವುದಿಲ್ಲ ಎಂದು ಪತ್ರ ಬರೆಯುವವರು ಎಚ್ಚರಿಸಿದ್ದರಿಂದ ನಾನು ಪಕ್ಕದಲ್ಲಿ ಕೂತು ಹಳೆಯ ಪತ್ರ ಓದಿ ಹೇಳುತ್ತಾ ಹೋದೆ, ಅವರು ಬರೆಯುತ್ತಾ ಹೋದರು. ಪೂರ್ವಕ್ಕೆ ಪಶ್ಚಿಮ ಎಂದು ಒಂದು ಕಡೆ ಬಿದ್ದದ್ದನ್ನು ನಾನೇ ಹಿಡಿದೆ. ಅವರು ಬೇಸರ ಮಾಡಿಕೊಳ್ಳದೆ ತಿದ್ದಿ, ಬದಿಯಲ್ಲಿ ರುಜು ಹಾಕಿಸುವ ಗುರುತು ಮಾಡಿದರು.

ಆ ನಡುವೆ ಅಮ್ಮ ಮೊಸರನ್ನದ ಡಬ್ಬಿ ಬಿಚ್ಚಿದ್ದಳು. ಬಲಗೈ ಏಳದ ದೊಡ್ಡಪ್ಪ ಬೀದಿಯ ಜನರೆದುರು ಎಡಗೈಯಲ್ಲಿ ತಿನ್ನಲು ನಾಚಿ, ಹಸಿವಿಲ್ಲ ಎನ್ನುತ್ತಿದ್ದ. ಅಮ್ಮ ಅವನ ಎದುರಿಗೆ ತಲೆಯ ಮೇಲಿನ ಸೆರಗು ಸರಿಸಿದವಳಲ್ಲ, ಇಷ್ಟು ವರ್ಷ ನೇರವಾಗಿ ಮಾತಾಡಿದವಳೂ ಅಲ್ಲ. ಅವತ್ತು ಬೀದಿಗೆ ಬೆನ್ನು ಮಾಡಿ, ಅವನಿಗೆ ಮರೆಯಾಗುವ ಹಾಗೆ ಕೂತು, ಅನ್ನವನ್ನು ಎಲೆಯ ಮೇಲೆ ಚಿಕ್ಕ ಚಿಕ್ಕ ತುತ್ತು ಮಾಡಿಟ್ಟಳು. ಅವನು ಒಂದೊಂದೇ ತೆಗೆದುಕೊಂಡು ತಿಂದ. ನನ್ನ ಓದು ನಿಂತ ಒಂದು ಗಳಿಗೆಯಲ್ಲಿ ಅವಳ ದನಿ ಕೇಳಿಸಿತು.

“ನಿಮ್ ಮ್ಯಾಲೆ ಅನುಮಾನ ಪಟ್ಟೆ ಭಾವ. ತಪ್ಪಾಯ್ತು.”

“ಪಡ್ಬೇಕಾದ್ದೇ ಕಣಮ್ಮ. ಇಪ್ಪತ್ತು ವರ್ಷ ಕಾಗ್ದ ಇಲ್ದೆ ಬರೀ ಬಾಯ್ಮಾತಲ್ಲಿ ಮಡಗಿದ್ದೋನು ನಾನು. ತಪ್ಪು ನಂದು.”

ಸಬ್ ರಿಜಿಸ್ಟ್ರಾರರ ಮುಂದೆ ಎಲ್ಲವೂ ಅರ್ಧ ಗಂಟೆಯಲ್ಲಿ ಮುಗಿಯಿತು. ಒಪ್ಪಿ ಬರೆಸಿದ್ದೀರಾ ಎಂದು ಅವರು ಇಬ್ಬರನ್ನೂ ಬೇರೆ ಬೇರೆಯಾಗಿ ಕೇಳಿದರು. ದೊಡ್ಡಪ್ಪನ ಕೈ ಲೇಖನಿ ಹಿಡಿಯದ್ದರಿಂದ ಎಡಗೈ ಹೆಬ್ಬೆಟ್ಟು ಒತ್ತಿಸಿದರು. ಕಲಿತ ರುಜುವನ್ನು ಅವತ್ತು ಹಾಕಲಾಗಲಿಲ್ಲವೆಂದು ಅವನಿಗೆ ಸ್ವಲ್ಪ ಬೇಸರವಾಯಿತು. ಅಪ್ಪ ರುಜು ಮಾಡಿದ. ಅಣ್ಣ ಕೊನೆಯಲ್ಲಿ, ಪ್ರತಿ ಪುಟದಲ್ಲೂ, ದೊಡ್ಡ ಅಕ್ಷರಗಳಲ್ಲಿ ಮಾಡಿದ. ಹೊರಗೆ ಬಂದಾಗ ಅಪ್ಪ ಮೆಟ್ಟಿಲ ಮೇಲೆ ಕೂತು, ಅಣ್ಣನ ಕುಂಟುಗಾಲನ್ನು ತನ್ನ ಕೈಯಲ್ಲಿ ಹಿಡಿದು ನೋಡಿ, ಆ ಬೇಸಗೆ ನಾನು ರಜ ಹಾಕಿ ಬರಬೇಕಾಗಿತ್ತು, ಬಂಡೆಗೆ ಆನಿಕೆ ಹೇಗೆ ಕೊಡಬೇಕೆಂದು ತೋರಿಸುತ್ತಿದ್ದೆ ಎಂದ. ಈಗ ತೋರಿಸು ಚಿಕ್ಕಪ್ಪ, ಬಾವಿಯ ಉತ್ತರದ ಕಡೆ ಕುಸಿಯುತ್ತಿದೆ ಎಂದ ಅಣ್ಣ.

ಗಡುವು ಮುಗಿಯುವ ಮುಂಚೆಯೇ ನಾವು ಲೈನು ಮನೆ ಖಾಲಿ ಮಾಡಿದೆವು. ನಾನು ಶಾಲೆಗೆ ಹತ್ತಿರವಾಗಲೆಂದು ಎಡಗಡೆ ಮನೆಯ ತಮಿಳಿನವರ ಜೊತೆ ಉಳಿದು, ಶನಿವಾರ ಊರಿಗೆ ಹೋಗಿ ಸೋಮವಾರ ಬರುತ್ತಿದ್ದೆ. ಬಯಲಿನ ಗಾಳಿಗೋ, ಮನಸ್ಸಿನ ಭಾರ ಇಳಿದದ್ದಕ್ಕೋ, ಅಪ್ಪನ ಕೆಮ್ಮು ತಗ್ಗಿತು. ಪೂರ್ತಿ ಹೋಗಲಿಲ್ಲ. ಆದರೆ ಬಾವಿಯ ಕಟ್ಟೆಯ ಮೇಲೆ ಕೂತು, ಉತ್ತರದ ಗೋಡೆಗೆ ಮರದ ಆನಿಕೆ ಹೇಗೆ ಕೊಡಬೇಕೆಂದು ಅಣ್ಣನಿಗೆ ಹೇಳಿ ಮಾಡಿಸುವಷ್ಟು ಶಕ್ತಿ ಇತ್ತು. ಪತ್ರದಲ್ಲಿ ಬರೆದ ಒಂದು ದಿನ ಬಿಟ್ಟು ಒಂದು ದಿನದ ನೀರನ್ನು ಅವರು ಮೊದಲ ತಿಂಗಳು ಮಾತ್ರ ನಿಷ್ಠೆಯಿಂದ ಪಾಲಿಸಿದರು. ಆಮೇಲೆ ಯಾವ ಹೊಲ ಒಣಗಿದೆಯೋ ಅದಕ್ಕೆ ನೀರು. ಆದರೂ ಪತ್ರ ಪೆಟ್ಟಿಗೆಯಲ್ಲಿದೆ ಎನ್ನುವ ಧೈರ್ಯ ಎರಡೂ ಮನೆಗೂ ಇತ್ತು. ಅದಿದ್ದದ್ದರಿಂದಲೇ ಅವರು ಅಷ್ಟು ಸಲೀಸಾಗಿ ಅದನ್ನು ಮರೆತರು ಎಂದು ನನಗೆ ಈಗ ಅನಿಸುತ್ತದೆ.

ದೊಡ್ಡಪ್ಪ ಮತ್ತೆರಡು ವರ್ಷ ಬದುಕಿದ. ಅವನ ತಿಥಿಗೆ ಬಂದ ನೆಂಟರಲ್ಲಿ ಒಬ್ಬರು, ಇನ್ನು ಹೊಲದ ವಿಷಯ ಹೇಗೆ ಎಂದು ಮೆಲ್ಲಗೆ ತೆಗೆದರು. ಎಲ್ಲ ರಿಜಿಸ್ಟರ್ ಆಗಿದೆ ಎಂದು ಅಣ್ಣ ಹೇಳಿದ. ಅವರಿಗೆ ಮುಂದೆ ಕೇಳಲು ಏನೂ ಉಳಿಯಲಿಲ್ಲ.

ಅದೇ ವರ್ಷ ಅಪ್ಪ ನನ್ನನ್ನು ಕರೆದುಕೊಂಡು ಬಂಗಾರಪೇಟೆಗೆ ಹೋಗಿ, ಅದೇ ಪತ್ರ ಬರೆಯುವವರ ಹತ್ತಿರ ಉಯಿಲು ಬರೆಸಿದ. ಉಯಿಲು ಬರೆದರೆ ಸಾವು ಬೇಗ ಬರುತ್ತದೆ ಎಂದು ಅಮ್ಮ ಅತ್ತಳು. ಅಪ್ಪ ಕೇಳಲಿಲ್ಲ. ಅಮ್ಮ ಇರುವವರೆಗೆ ಹೊಲ, ಮನೆ ಅವಳದು, ಆಮೇಲೆ ನನ್ನದು. ನಾನು ಮಾರುವುದಾದರೆ ಮೊದಲು ಅಣ್ಣನನ್ನೋ ಅವನ ಮಕ್ಕಳನ್ನೋ ಕೇಳಬೇಕು ಎಂದು ಬರೆಸಿದ. ಸಾಕ್ಷಿ ರುಜು ಹಾಕಿದವರಲ್ಲಿ ಅಣ್ಣನೂ ಒಬ್ಬ. ಉಯಿಲಾದ ಮೇಲೆ ಅಪ್ಪ ಐದು ವರ್ಷ ಇದ್ದ. ನನ್ನ ಮದುವೆ ನೋಡಿದ, ಮೊಮ್ಮಗಳನ್ನು ಎತ್ತಿಕೊಂಡ. ಅವನು ಹೋದಾಗ ನಮಗೆ ದುಃಖ ಮಾತ್ರ ಇತ್ತು, ಬೇರೆ ಯಾವ ದಿಗಿಲೂ ಇರಲಿಲ್ಲ. ಎಷ್ಟೋ ಮನೆಗಳಲ್ಲಿ ದುಃಖಪಡಲೂ ಬಿಡುವಿರುವುದಿಲ್ಲ ಎನ್ನುವುದನ್ನು ನಾನು ಆಮೇಲೆ ಕಂಡಿದ್ದೇನೆ.

ಹನ್ನೊಂದನೆಯ ದಿನದ ಕೆಲಸ ಮುಗಿದು ನೆಂಟರು ಹೊರಟುಹೋದ ಮರುದಿನ ಅಣ್ಣ ಬಂದು ಅಮ್ಮನ ಮುಂದೆ ಕೂತ. ಮೊದಲ ಮಳೆ ಬಿದ್ದಿತ್ತು. ಈ ವರ್ಷ ಮೈನ್ಸ್ ಹೊಲದಲ್ಲಿ ರಾಗಿಯ ಜೊತೆ ಅವರೆ ಹಾಕುವುದೋ, ತೊಗರಿ ಹಾಕುವುದೋ, ಹೇಳಿ ಚಿಕ್ಕಮ್ಮ ಎಂದು ಕೇಳಿದ. ಇಂಥ ಮಾತನ್ನು ಅಮ್ಮನನ್ನು ಯಾರೂ ಕೇಳಿರಲಿಲ್ಲ. ಅವಳು ಕಣ್ಣೊರೆಸಿಕೊಂಡು, ಸ್ವಲ್ಪ ಯೋಚಿಸಿ, ಅವರೆಯೇ ಇರಲಿ, ತೊಗರಿ ಬೇಕಾದರೆ ಬದುವಿಗೆ ನಾಲ್ಕು ಸಾಲು ಹಾಕು ಎಂದಳು. ಸರಿ ಎಂದು ಅಣ್ಣ ಬೀಜ ತರಲು ಕ್ಯಾಸಂಬಳ್ಳಿಗೆ ಹೊರಟ.